ಮೂರನೇ ಕಿಂಡಿಯ ಕೆಂಪು ನೀರು: ಕುಸಿದ ಅಂಗಳ ಎತ್ತಿದ ಒಂದು ಪ್ರಕರಣ

"ಕುಸಿದಿದೆ, ಒಂದ್ಸಲ ಬಂದು ನೋಡ್ತೀರಾ?" ಎಂದು ಟೀಚರ್ ಫೋನ್ ಮಾಡಿದ್ದು ಜುಲೈ ತಿಂಗಳ ಒಂದು ಸಂಜೆ. ಕೊಡಗಿನಲ್ಲಿ ಜುಲೈಯಲ್ಲಿ ಯಾರ ಬಾಯಲ್ಲಾದರೂ 'ಕುಸಿದಿದೆ' ಅಂತ ಬಂದರೆ ಎದೆ ಧಸಕ್ ಅನ್ನುತ್ತದೆ. 2018ರ ಆಗಸ್ಟ್‌ನ ಗುಡ್ಡ ಕುಸಿತ ನೋಡಿದವರು ಆ ಮಾತನ್ನು ಸುಮ್ನೆ ಆಡುವುದಿಲ್ಲ. ಅದರಲ್ಲೂ ಟೀಚರ್ ಮನೆ ಇರುವುದು ಸುಂಟಿಕೊಪ್ಪದಿಂದ ಮಾದಾಪುರ ಕಡೆಗೆ ಹೋಗುವ ದಾರಿಯಲ್ಲಿ. ಆಗ ಕುಸಿದ ಮಕ್ಕಂದೂರು, ಹಟ್ಟಿಹೊಳೆ ಎಲ್ಲ ಅಲ್ಲಿಂದ ದೂರವೇನಲ್ಲ.

"ಏನು ಟೀಚರ್, ಬರೆಯಾ?" ಎಂದೆ. ಬರೆ ಅಂದರೆ ಗುಡ್ಡ ಕಡಿದಾಗ ಮನೆ ಹಿಂದೆ ನಿಲ್ಲುವ ಮಣ್ಣಿನ ಗೋಡೆ.

"ಬರೆ ಅಲ್ಲ ಮಾರಾಯ್ರೆ, ಅಂಗಳ. ಕಾಂಕ್ರೀಟ್ ಕೆಳಗೆ ಹೋಗಿದೆ. ಮೆಟ್ಟಿಲ ಹತ್ತಿರ ಕೆರೆ ಆಗಿದೆ. ನಿನ್ನೆ ಅಮ್ಮ ಮುಗ್ಗರಿಸಿದ್ರು."

ಉಸಿರು ಬಿಟ್ಟೆ. ಅಂಗಳ ಆದರೆ ನೋಡಬಹುದು. ನಾನು ಇಂಜಿನಿಯರ್ ಅಲ್ಲ, ಮನೆ ರಿಪೇರಿ ಮಾಡಿಸುವವನು. ಹೆಂಚು, ಥಂಡಿ ಹಿಡಿದ ಗೋಡೆ, ಸೋರುವ ಟ್ಯಾಂಕಿ, ತಡೆಗೋಡೆ, ಇಂಥವು. ಕುಸಿದ ಅಂಗಳದ ಕಾಂಕ್ರೀಟನ್ನು ಒಡೆಯದೆ ಎತ್ತಿ ಕೂರಿಸಿದ್ದು ಅದಕ್ಕೆ ಮುಂಚೆ ಎರಡೇ ಸಲ, ಅವೂ ಸಣ್ಣವು. ಇದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣ ಎತ್ತಿದ ಕೆಲಸ ಅಲ್ಲ. ಅಂಗಳದ ಕೆಳಗಿದ್ದ ಮಣ್ಣು ಎಲ್ಲಿಗೆ ಹೋಯಿತು ಅಂತ ಹುಡುಕಿದ್ದು.

ಮೊದಲು ಜಾಗ ಹೇಳುತ್ತೇನೆ. ಇಳಿಜಾರಿನಲ್ಲಿ ಕಟ್ಟಿದ ಮನೆ. ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಹಿಂದೆ ಬರೆ ಕಡಿದಿದ್ದಾರೆ, ಕಡಿದ ಮಣ್ಣನ್ನು ಮುಂದೆ ತಳ್ಳಿ ತಟ್ಟು ಮಾಡಿದ್ದಾರೆ. ಮುಂದಿನ ತುದಿಯಲ್ಲಿ ಏಳು ಅಡಿ ಎತ್ತರದ ಸೈಜ್ ಕಲ್ಲಿನ ತಡೆಗೋಡೆ. ಅದರಲ್ಲಿ ನೀರು ಹೊರಗೆ ಹೋಗಲು ಐದು ಕಿಂಡಿ. ಗೋಡೆಯ ಕೆಳಗೆ ದಾರಿ, ದಾರಿಯಾಚೆ ಈಗ ನಾಟಿ ನಿಲ್ಲಿಸಿರುವ ಗದ್ದೆ. ಮನೆ ಮತ್ತು ತಡೆಗೋಡೆಯ ಮಧ್ಯೆ 24 ಅಡಿ ಉದ್ದ, 16 ಅಡಿ ಅಗಲದ ಕಾಂಕ್ರೀಟ್ ಅಂಗಳ, ನಾಲ್ಕು ಇಂಚು ದಪ್ಪ. ಎಂಟಡಿ ಎಂಟಡಿಯ ಆರು ಚೌಕ. ಮನೆ ಕಡೆ ಮೂರು, ಹೊರಗಡೆ ಮೂರು. ಕಂಬಿ ಹಾಕಿಲ್ಲ. ಆದರೆ ಹಾಕಿದ ಮೇಸ್ತ್ರಿ ಚೌಕಗಳ ನಡುವೆ ಗೆರೆ ಬಿಟ್ಟಿದ್ದ, ಅವನ ಹೊಟ್ಟೆ ತಣ್ಣಗಿರಲಿ. ಆ ಗೆರೆ ಇಲ್ಲದಿದ್ದರೆ ಅಂಗಳ ಎಲ್ಲೆಂದರಲ್ಲಿ ಸೀಳಿ ಎತ್ತುವ ಮಾತೇ ಇರುತ್ತಿರಲಿಲ್ಲ.

ಅಂಗಳವೇ ಕಣವೂ ಹೌದು. ಟೀಚರಿಗೆ ನಾಲ್ಕು ಎಕರೆ ರೋಬಸ್ಟಾ ಇದೆ. ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಒಣಗುತ್ತದೆ, ಆಮೇಲೆ ಕರಿಮೆಣಸು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಹೋದ ತಕ್ಷಣ ನಾನು ಅಂಗಳ ನೋಡಲಿಲ್ಲ. ಹಿಂದೆ ಹೋಗಿ ಬರೆ ನೋಡಿದೆ. ಬರೆಯ ತಲೆಯ ಮೇಲೆ ಹತ್ತಿ ತೋಟದೊಳಗೆ ಒಂದು ಸುತ್ತು ಹಾಕಿದೆ, ಜಿಗಣೆಗಳಿಗೂ ಊಟ ಆಯಿತು. ನೆಲದಲ್ಲಿ ಬಿಲ್ಲಿನ ಹಾಗೆ ಬಾಗಿದ ಬಿರುಕು ಇದೆಯಾ, ಸಿಲ್ವರ್ ಮರಗಳು ಒಂದೇ ಕಡೆಗೆ ವಾಲಿವೆಯಾ, ಬೇಲಿ ಕಂಬದ ಸಾಲು ಸೊಟ್ಟ ಆಗಿದೆಯಾ, ಮುಂಚೆ ಇಲ್ಲದ ಕಡೆ ಒರತೆ ಎದ್ದಿದೆಯಾ, ಮನೆಯ ಬಾಗಿಲು ಕಿಟಕಿ ಇದ್ದಕ್ಕಿದ್ದ ಹಾಗೆ ಬಿಗಿಯಾಗಿವೆಯಾ. ಇದರಲ್ಲಿ ಒಂದು ಕಂಡಿದ್ದರೂ ಅಂಗಳದ ಮಾತು ಬಿಟ್ಟು, ಮನೆ ಖಾಲಿ ಮಾಡಿ ಗೊತ್ತಿರುವವರನ್ನು ಕರೆಸಿ ಅನ್ನುತ್ತಿದ್ದೆ. ಗುಡ್ಡ ಜಾರುವಾಗ ಅಂಗಳ ಎತ್ತುವುದು ಅಂದರೆ ಮುಳುಗುವ ದೋಣಿಗೆ ಬಣ್ಣ ಬಳಿದ ಹಾಗೆ. ಏನೂ ಕಾಣಲಿಲ್ಲ. ಮನೆಯ ಗೋಡೆಯಲ್ಲೂ ಬಿರುಕಿಲ್ಲ, ಪಾಯ ಗಟ್ಟಿ ನೆಲದ ಮೇಲೇ ಕೂತಿತ್ತು. ಕೆಳಗೆ ಹೋಗಿದ್ದು ಅಂಗಳ ಮಾತ್ರ.

ಆಮೇಲೆ ಅಂಗಳಕ್ಕೆ ಬಂದೆ. ಹೊರಗಿನ ಮೂರು ಚೌಕ ಇದ್ದಲ್ಲೇ ಇದ್ದವು. ಮನೆಗೆ ತಾಗಿದ ಮೂರೂ ಮನೆ ಕಡೆಗೆ ವಾಲಿದ್ದವು. ವಿಚಿತ್ರ ಅಲ್ವಾ? ತುಂಬಿದ ಮಣ್ಣು ಜಾಸ್ತಿ ಇರುವುದು ತಡೆಗೋಡೆಯ ಕಡೆ, ಅಲ್ಲಿ ಕುಸಿಯಬೇಕಿತ್ತು. ಕುಸಿದಿದ್ದು ಗೋಡೆಯ ಬುಡದಲ್ಲಿ.

ಇದು ಹಲವು ಮನೆಗಳಲ್ಲಿ ಹೀಗೇ. ಪಾಯಕ್ಕೆ ಗುಂಡಿ ತೆಗೆಯುತ್ತಾರೆ, ಕಲ್ಲು ಕಟ್ಟುತ್ತಾರೆ, ಗೋಡೆಯ ಪಕ್ಕ ಉಳಿದ ಜಾಗಕ್ಕೆ ಮಣ್ಣು ಎಳೆದು ಮುಚ್ಚುತ್ತಾರೆ. ಆರಾರು ಇಂಚಿಗೆ ಒಂದು ಪದರ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು ಕೂರಿಸಬೇಕು. ಯಾರು ಮಾಡುತ್ತಾರೆ? ಆ ಮಣ್ಣಿನಲ್ಲೇ ಒಡೆದ ಇಟ್ಟಿಗೆ, ಸಿಮೆಂಟ್ ಚೀಲ, ಸೆಂಟ್ರಿಂಗ್ ಹಲಗೆಯ ತುಂಡು ಎಲ್ಲ ಸೇರಿರುತ್ತವೆ. ಮೇಲೆ ಕಾಂಕ್ರೀಟ್ ಬಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಮಣ್ಣು ನಿಧಾನ ಕೂರುತ್ತದೆ, ಕಾಂಕ್ರೀಟ್ ಸ್ವಲ್ಪ ದಿನ ಸೇತುವೆಯ ಹಾಗೆ ನಿಂತಿರುತ್ತದೆ, ಒಂದು ದಿನ ವಾಲುತ್ತದೆ.

ಆದರೆ ಟೀಚರ್ ಮನೆಗೆ ಆಗಲೇ ಹದಿನಾಲ್ಕು ವರ್ಷ. ಮುಚ್ಚಿದ ಮಣ್ಣು ಕೂರುವುದಿದ್ದರೆ ಮೊದಲ ನಾಲ್ಕೈದು ಮಳೆಗಾಲದಲ್ಲೇ ಬಹುಪಾಲು ಕೂತಿರಬೇಕು. ಹೋದ ಎರಡು ವರ್ಷದಿಂದ ಜೋರಾಗಿ ಇಳಿಯುತ್ತಿದೆ ಅಂದರೆ ಮಣ್ಣು ಕೂರುತ್ತಿಲ್ಲ, ಎಲ್ಲಿಗೋ ಹೋಗುತ್ತಿದೆ.

ಲೆವೆಲ್ ಪೈಪ್ ಹಿಡಿದು ಅಳೆದೆವು. ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ತುದಿಯಲ್ಲಿ ಮಟ್ಟ ನೋಡುವುದು, ಅಷ್ಟೇ. ಒಳಗೆ ಒಂದು ಗುಳ್ಳೆ ಸಿಕ್ಕಿಕೊಂಡರೂ ಲೆಕ್ಕ ತಪ್ಪುತ್ತದೆ, ಅದಕ್ಕೆ ಪೈಪನ್ನು ಎತ್ತಿ ಬೆರಳಲ್ಲಿ ತಟ್ಟಿ ಗುಳ್ಳೆ ಓಡಿಸಬೇಕು. ಮೆಟ್ಟಿಲ ಪಕ್ಕದ ಮೂಲೆ ಎರಡೂ ಮುಕ್ಕಾಲು ಇಂಚು ಇಳಿದಿತ್ತು. ನಡುವಿನ ಚೌಕ ಎರಡು ಇಂಚು, ಆಚೆಯದು ಒಂದೂಕಾಲು. ಮೊದಲು ಮನೆಯಿಂದ ಹೊರಕ್ಕೆ ಎಂಟಡಿಗೆ ಒಂದು ಇಂಚು ಇಳಿಜಾರು ಇದ್ದ ಅಂಗಳ. ಮೂಲೆಯಲ್ಲಿ ಈಗ ಒಂದೂ ಮುಕ್ಕಾಲು ಇಂಚು ಒಳಕ್ಕೆ ವಾಲಿ, ಬಿದ್ದ ನೀರನ್ನೆಲ್ಲ ಗೋಡೆಯ ಬುಡಕ್ಕೇ ತಂದು ಕೊಡುತ್ತಿತ್ತು. ಒಳಗೆ ಹಾಲ್‌ನ ಗೋಡೆ ಎರಡಡಿ ಎತ್ತರದವರೆಗೆ ಥಂಡಿ. ಆರೂವರೆ ಇಂಚಿದ್ದ ಮೊದಲ ಮೆಟ್ಟಿಲು ಒಂಬತ್ತೂಕಾಲು ಇಂಚು ಆಗಿತ್ತು. ಎಂಬತ್ತೆರಡು ವರ್ಷದ ಅಜ್ಜಿಯ ಕಾಲಿಗೆ ಹಳೆಯ ಮೆಟ್ಟಿಲಿನ ಲೆಕ್ಕ ಗೊತ್ತು, ಹೊಸದರದ್ದು ಗೊತ್ತಿಲ್ಲ. ಮುಗ್ಗರಿಸದೆ ಇನ್ನೇನು?

ಆಮೇಲೆ ಸುತ್ತಿಗೆ. ಇದು ನನಗೆ ತುಂಬಾ ಇಷ್ಟದ ಕೆಲಸ. ಅರ್ಧ ಅಡಿಗೆ ಒಂದು ಸಲ ಕಾಂಕ್ರೀಟಿಗೆ ಮೆಲ್ಲಗೆ ತಟ್ಟುತ್ತಾ ಹೋಗುವುದು. ಕೆಳಗೆ ಮಣ್ಣು ತಾಗಿಕೊಂಡಿದ್ದರೆ 'ಟಣ್' ಅಂತ ಗಟ್ಟಿ ಸದ್ದು, ಪೊಳ್ಳಿದ್ದರೆ 'ಡಬ್' ಅಂತ ಡೋಲಿನ ಸದ್ದು. ಎಲ್ಲೆಲ್ಲಿ ಡಬ್ ಅಂದಿತೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮುಗಿದ ಮೇಲೆ ಎದ್ದು ನಿಂತು ನೋಡಿದರೆ ಗೊದಮೊಟ್ಟೆಯ ಚಿತ್ರ. ದಪ್ಪ ತಲೆ ಮೆಟ್ಟಿಲ ಮೂಲೆಯಲ್ಲಿ, ಸಣ್ಣ ಬಾಲ ಹೊರಗಿನ ಚೌಕದ ಕೆಳಗೆ ಹಾದು ತಡೆಗೋಡೆಯ ಕಡೆಗೆ.

ಬಾಲ ಹೋದ ದಿಕ್ಕಿನಲ್ಲೇ ಕೆಳಗಿಳಿದು ನೋಡಿದೆ. ಐದು ಕಿಂಡಿಯಲ್ಲಿ ನಾಲ್ಕರಿಂದ ತಿಳಿ ನೀರು ತೊಟ್ಟಿಕ್ಕುತ್ತಿತ್ತು. ಮೂರನೆಯದರಿಂದ ಕೆಂಪು ನೀರು, ಅದರ ಕೆಳಗೆ ದಾರಿಯ ಅಂಚಿನಲ್ಲಿ ಬೀಸಣಿಗೆಯ ಹಾಗೆ ಹರಡಿದ ನಯವಾದ ಕೆಂಪು ಕೆಸರು. ಟೀಚರಿಗೆ ತೋರಿಸಿದೆ.

"ಇದಾ? ಇದು ಪ್ರತಿ ಮಳೆಗಾಲದಲ್ಲೂ ಬರುತ್ತೆ. ನಾನು ಬುಟ್ಟಿಯಲ್ಲಿ ತುಂಬಿ ಗುಲಾಬಿ ಬುಡಕ್ಕೆ ಹಾಕ್ತೀನಿ, ಒಳ್ಳೆ ಮಣ್ಣು" ಎಂದರು.

ಎರಡು ವರ್ಷದಿಂದ ಟೀಚರ್ ತಮ್ಮ ಅಂಗಳದ ತಳವನ್ನೇ ಗುಲಾಬಿಗೆ ಹಾಕುತ್ತಿದ್ದರು.

ಈಗ ನೀರು ಎಲ್ಲಿಂದ ಅನ್ನುವ ಪ್ರಶ್ನೆ. ಮೆಟ್ಟಿಲ ಮೂಲೆಯಲ್ಲೇ ಮಾಡಿನ, ಅಂದರೆ ಛಾವಣಿಯ, ನೀರಿನ ಪೈಪ್ ಇಳಿಯುತ್ತಿತ್ತು. ನಾಲ್ಕು ಇಂಚಿನ ಪಿವಿಸಿ, ನೆಲದೊಳಗೆ ಹೊಕ್ಕು, ಅಂಗಳದ ಅಡಿಯಲ್ಲೇ ಹೋಗಿ ಬದಿಯ ಚರಂಡಿಗೆ ಬೀಳಬೇಕು. ಮಳೆ ಸುರಿಯುತ್ತಿದ್ದಾಗಲೇ ಚರಂಡಿ ತುದಿ ನೋಡಿದೆ. ಮೇಲಿಂದ ಪೈಪಿನೊಳಗೆ ಭೋರ್ ಅಂತ ಸದ್ದು, ಕೆಳಗೆ ಬರುತ್ತಿದ್ದದ್ದು ಬೆರಳು ಗಾತ್ರದ ನೀರು.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮುಂದಿನ ಮಾಡು ಸುಮಾರು 65 ಚದರ ಮೀಟರ್. ನಮ್ಮಲ್ಲಿ ಜುಲೈಯಲ್ಲಿ ದಿನಕ್ಕೆ 100 ಮಿಲಿಮೀಟರ್ ಬಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಅಂದರೆ ಒಂದೇ ದಿನದಲ್ಲಿ 6,500 ಲೀಟರ್. ಒಂದು ಸಣ್ಣ ಟ್ಯಾಂಕರ್ ನೀರನ್ನು ದಿನಾ ತಂದು ಅಂಗಳದ ಕೆಳಗೆ ಬಿಟ್ಟ ಹಾಗೆ.

ಊಹೆ ಸಾಲದು ಅಂತ ಮಳೆ ಬಿಟ್ಟ ಹೊತ್ತು ನೋಡಿ ಪೈಪಿಗೆ ಒಂದು ಬಕೆಟ್ ಬಣ್ಣದ ನೀರು ಹೊಯ್ದೆವು. ನನ್ನ ಜೊತೆ ಕೆಲಸ ಮಾಡುವ ಹುಡುಗ ಅರಿಶಿನ ಕಲಸಿದ್ದ, ಕೆಂಪು ಕೆಸರಿನಲ್ಲಿ ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಟೀಚರ್ ಬಟ್ಟೆಗೆ ಹಾಕುವ ನೀಲಿ ತಂದುಕೊಟ್ಟರು. ಅದನ್ನು ಗಟ್ಟಿಯಾಗಿ ಕಲಸಿ ಹೊಯ್ದು, ಹಿಂದೆಯೇ ನಾಲ್ಕು ಬಕೆಟ್ ನೀರು ಬಿಟ್ಟೆವು. ಹನ್ನೊಂದು ನಿಮಿಷಕ್ಕೆ ಮೂರನೇ ಕಿಂಡಿಯಿಂದ ಒಂಥರಾ ಕೊಳಕು ನೇರಳೆ ಬಣ್ಣದ ನೀರು ಬಂತು. ದಾರಿಯಲ್ಲಿ ನಿಂತಿದ್ದ ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು.

ನೆಲದೊಳಗೆ ಪೈಪಿನ ಒಂದು ಜಾಯಿಂಟ್ ಬಿಟ್ಟಿತ್ತು. ಗೋಡೆಯ ಪಕ್ಕದ ಮಣ್ಣು ಮೊದಲ ವರ್ಷಗಳಲ್ಲಿ ಸ್ವಲ್ಪ ಕೂತಾಗ ಪೈಪನ್ನೂ ಎಳೆದುಕೊಂಡು ಹೋಗಿರಬೇಕು. ಆಮೇಲೆ ನೀರೇ ದಾರಿ ಮಾಡಿಕೊಂಡಿತು. ಮೊದಲು ನಯವಾದ ಮಣ್ಣು, ಆಮೇಲೆ ಮರಳು, ಆಮೇಲೆ ಬಿಲ.

ಅವತ್ತು ನಾನು ಮಾಡಿದ್ದು ಒಂದೇ ಕೆಲಸ. ಪೈಪನ್ನು ನೆಲಕ್ಕಿಂತ ಎರಡಡಿ ಮೇಲೆ ಗರಗಸದಲ್ಲಿ ಕೊಯ್ದು, ಒಂದು ಬೆಂಡ್ ಹಾಕಿ, ಮನೆಯ ಪಕ್ಕದಿಂದಲೇ ಚರಂಡಿಗೆ ತಾತ್ಕಾಲಿಕವಾಗಿ ಪೈಪ್ ಎಳೆದೆ. ಅಜ್ಜಿಗೆ ಮೆಟ್ಟಿಲ ಮುಂದೆ ಎರಡು ಸಿಮೆಂಟ್ ಇಟ್ಟಿಗೆ ಜೋಡಿಸಿ ಹಲಗೆ ಹಾಕಿಕೊಟ್ಟೆ. ಒಂದು ವಾರದಲ್ಲಿ ಮೂರನೇ ಕಿಂಡಿಯ ಕೆಂಪು ತೆಳುವಾಯಿತು. ಇನ್ನೇನೂ ಮಾಡದೆ ಅಷ್ಟಕ್ಕೇ ಬಿಟ್ಟಿದ್ದರೂ ಅಂಗಳ ಅಲ್ಲಿಗೇ ನಿಲ್ಲುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ವಾಲಿಕೊಂಡು, ಆದರೆ ನಿಂತುಕೊಂಡು.

ಎತ್ತುವುದು ಯಾವಾಗ ಅನ್ನುವುದಕ್ಕೆ ಚರ್ಚೆ ಬೇಕಿರಲಿಲ್ಲ. ಮಳೆಗಾಲದಲ್ಲಿ ಆಗದು. ಪುತ್ತರಿ, ನಮ್ಮ ಸುಗ್ಗಿ ಹಬ್ಬ, ಮುಗಿದು ಡಿಸೆಂಬರಿನಲ್ಲಿ ಮಾಡೋಣ ಅಂದರೆ ಆಳು ಸಿಗುವುದಿಲ್ಲ, ಎಲ್ಲರೂ ಕಾಫಿ ಕೊಯ್ಲಿನಲ್ಲಿ. ಜನವರಿಯಿಂದ ಅಂಗಳದ ತುಂಬ ಟೀಚರದ್ದೇ ಕಾಫಿ. ಕೊನೆಗೆ ಮಾರ್ಚ್ ಕೊನೆಯ ವಾರ, ಚೀಲ ಕಟ್ಟಿ ಕಳಿಸಿದ ಮೇಲೆ.

ಹೇಗೆ ಎತ್ತುವುದು ಅನ್ನುವುದಕ್ಕೆ ಮಾತ್ರ ಚರ್ಚೆ ಆಯಿತು, ಜೋರಾಗಿಯೇ. ಟೀಚರ ತಮ್ಮ "ಮೇಲೆ ಮೂರಿಂಚು ಕಾಂಕ್ರೀಟ್ ಎಳೆದುಬಿಡಿ, ಮುಗೀತು" ಅಂದರು. ಹತ್ತರಲ್ಲಿ ಎಂಟು ಜನ ಹೇಳುವುದು ಇದನ್ನೇ. ಆದರೆ ಕೆಳಗೆ ಪೊಳ್ಳಿರುವ ಚೌಕದ ಮೇಲೆ ಮೂರಿಂಚು ಹಾಕಿದರೆ ಚದರ ಮೀಟರಿಗೆ 180 ಕೆಜಿ ಭಾರ ಹೇರಿದ ಹಾಗೆ. ಅಂಚಿನಲ್ಲಿ ಪದರ ತೆಳುವಾಗುವ ಕಡೆ ಒಣಗಿದ ರೊಟ್ಟಿಯ ಹಾಗೆ ಏಳುತ್ತದೆ. ಈ ಅಂಗಳದಲ್ಲೇ ಯಾರೋ ಹಿಂದೆ ಒಂದು ಮೂಲೆಗೆ ಹಾಗೆ ಬಳಿದಿದ್ದರು, ಉಗುರಿನಲ್ಲಿ ಎಬ್ಬಿಸಿ ತೋರಿಸಿದೆ.

ಒಡೆದು ಹೊಸದಾಗಿ ಹಾಕುವುದು ಎರಡನೇ ದಾರಿ. ತಪ್ಪೇನಲ್ಲ. ಚೌಕಗಳು ನಾಲ್ಕೈದು ತುಂಡಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇವು ಇಡಿಯಾಗಿದ್ದವು. ಒಂದೊಂದು ಚೌಕ ಸುಮಾರು 1,400 ಕೆಜಿ. ಮೂರನ್ನು ಒಡೆದರೆ ನಾಲ್ಕು ಟನ್‌ಗಿಂತ ಜಾಸ್ತಿ ಚೂರು. ಅದನ್ನು ಆ ಇಕ್ಕಟ್ಟು ದಾರಿಯಲ್ಲಿ ಇಳಿಸಬೇಕು, ಎಲ್ಲಿಗೆ ಹಾಕುವುದು ಅನ್ನುವುದು ಬೇರೆ ತಲೆನೋವು. ನಮ್ಮ ಕಡೆ ತೋಡಿಗೆ, ಅಂದರೆ ಹಳ್ಳಕ್ಕೆ, ತಳ್ಳುವವರಿದ್ದಾರೆ, ಮಳೆಗಾಲದಲ್ಲಿ ಆ ತೋಡೇ ಬಂದು ಲೆಕ್ಕ ಕೇಳುತ್ತದೆ.

ಬೆಂಗಳೂರಿನಲ್ಲಿರುವ ಟೀಚರ ಮಗ ಫೋಮ್ ವಿಡಿಯೋ ಕಳಿಸಿದ್ದ. ಎರಡು ದ್ರವವನ್ನು ಬೆರಸಿ ಕಾಂಕ್ರೀಟಿನ ಕೆಳಗೆ ಬಿಡುವುದು, ಅದು ಪಾಲಿಯುರಿಥೇನ್ ಅನ್ನುವ ಫೋಮ್ ಆಗಿ ಉಬ್ಬಿ ಚೌಕವನ್ನು ಎತ್ತುತ್ತದೆ. ನೋಡಲು ಮ್ಯಾಜಿಕ್ಕೇ. ತೂತು 16 ಮಿಲಿಮೀಟರ್ ಸಾಕು, ಕಾಲು ಗಂಟೆಯಲ್ಲಿ ಮೇಲೆ ಓಡಾಡಬಹುದು, ಭಾರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೆದು ಮಣ್ಣಿನ ಮೇಲೆ ಅದಕ್ಕಿಂತ ಒಳ್ಳೆಯದಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಯಂತ್ರ ಕೂರಿಸಿದ ಗಾಡಿ ಬರಬೇಕು. ಮೂರು ಚೌಕಕ್ಕೆ ಘಟ್ಟ ಹತ್ತಿ ಬರಲು ಅವರು ಕೇಳಿದ ದುಡ್ಡಿಗೆ ಅಂಗಳವನ್ನು ಎರಡು ಸಲ ಹೊಸದಾಗಿ ಹಾಕಬಹುದಿತ್ತು.

ಉಳಿದದ್ದು ಹಳೆಯ ದಾರಿ. ಮಣ್ಣು, ಕಲ್ಲುಪುಡಿ, ಸಿಮೆಂಟ್ ಕಲಸಿದ ಗಂಜಿಯನ್ನು ತೂತಿನಿಂದ ಒಳಗೆ ಒತ್ತಿ ಚೌಕ ಎತ್ತುವುದು. ಅಮೆರಿಕದಲ್ಲಿ ರಸ್ತೆಗಳಿಗೆ ಸುಮಾರು 1930ರ ದಶಕದಿಂದಲೂ ಮಾಡುತ್ತಿದ್ದಾರೆ. ಇದರ ದೋಷ ಭಾರ. ಅದಕ್ಕೆ ಒಂದು ತೂತಿನಿಂದ ಹನ್ನೆರಡು ಎಂಎಂ ಕಂಬಿ ಇಳಿಸಿ ಸುತ್ತಿಗೆಯಲ್ಲಿ ಹೊಡೆದು ನೋಡಿದೆವು. ಒಂದೂವರೆ ಅಡಿ ಸಲೀಸಾಗಿ ಹೋಯಿತು, ಆಮೇಲೆ ಗಟ್ಟಿ. ಅಷ್ಟಾದರೆ ತಾಳುತ್ತದೆ ಅಂತ ಧೈರ್ಯ ಮಾಡಿದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಮೊದಲ ಸಲ ಲೆಕ್ಕ ಹಾಕಿದಾಗ ನಾನೇ ನಂಬಲಿಲ್ಲ. 1,400 ಕೆಜಿ ಎತ್ತಲು ಎಷ್ಟು ಒತ್ತಡ ಬೇಕು? ನಾಲ್ಕು ಇಂಚಿನ ಕಾಂಕ್ರೀಟ್ ಚದರ ಮೀಟರಿಗೆ ಸುಮಾರು 240 ಕೆಜಿ. ಅಂದರೆ ಚದರ ಸೆಂಟಿಮೀಟರಿಗೆ ಬರೀ 24 ಗ್ರಾಂ. ಕಾರಿನ ಟಯರಿನಲ್ಲಿ ಇರುವುದು ಸುಮಾರು ಎರಡು ಕೆಜಿ, ಇದರ ಎಂಬತ್ತು ಪಟ್ಟು. ಗಂಜಿ ಚೌಕದ ಅಡಿ ಪೂರ್ತಿ ಹರಡಿಕೊಂಡರೆ ಒಂದು ಗೇಣು ಎತ್ತರದ ಗಂಜಿಯ ಭಾರವೇ ಅದನ್ನು ತೇಲಿಸಲು ಸಾಕು. ಕಷ್ಟ ಇರುವುದು ಎತ್ತುವುದರಲ್ಲಿ ಅಲ್ಲ, ಬೇಕಾದಲ್ಲಿ ನಿಲ್ಲಿಸುವುದರಲ್ಲಿ. ಮತ್ತೆ ಗಂಜಿ ಬೇರೆ ಕಡೆ ಓಡಿಹೋಗದ ಹಾಗೆ ನೋಡಿಕೊಳ್ಳುವುದರಲ್ಲಿ.

ಓಡಿಹೋಗುವುದು ಎಲ್ಲಿಗೆ? ಮೂರನೇ ಕಿಂಡಿಗೇ. ಆ ಬಿಲದಲ್ಲಿ ಗಂಜಿ ಹರಿದು ತಡೆಗೋಡೆಯ ಹಿಂದೆ ಗಟ್ಟಿಯಾದರೆ ಕಿಂಡಿಗಳು ಕಟ್ಟುತ್ತವೆ, ಗೋಡೆಯ ಹಿಂದೆ ನೀರು ನಿಂತು ಗೋಡೆಯನ್ನೇ ದೂಡುತ್ತದೆ. ಅಂಗಳ ಉಳಿಸಲು ಹೋಗಿ ತಡೆಗೋಡೆ ಕಳೆದುಕೊಂಡ ಹಾಗೆ. ಅದಕ್ಕೇ ಕೆಲಸದ ಮೊದಲ ದಿನ ಅಂಗಳದ ಹೊರ ಅಂಚಿಗೂ ತಡೆಗೋಡೆಗೂ ನಡುವಿನ ಹೂವಿನ ಪಾತಿಯಲ್ಲಿ ಅಗೆದು ಬಿಲ ಹುಡುಕಿದೆವು. ಮೂರಡಿ ಕೆಳಗೆ ಸಿಕ್ಕಿತು, ಕೈ ತೂರಿಸಬಹುದಾದಷ್ಟು ಅಗಲ. ಒಳಗೆ ಒಂದು ಏಡಿ ಸಂಸಾರ ಹೂಡಿತ್ತು. ಅಂಗಳದ ಕಡೆಯ ಬಾಯಿಗೆ ಗಟ್ಟಿ ಗಾರೆ ಮೆತ್ತಿ ಬಿರಟೆ ಹಾಕಿದೆವು. ಗೋಡೆಯ ಕಡೆಗೆ ಜಿಯೋ ಬಟ್ಟೆ ಸುತ್ತಿದ ಜಲ್ಲಿ ತುಂಬಿದೆವು. ನೀರು ಬರಲಿ, ಮಣ್ಣು ಬಾರದಿರಲಿ.

ನೆಲದೊಳಗಿನ ಹಳೆಯ ಪೈಪನ್ನು ಸರಿ ಮಾಡಲು ಹೋಗಲಿಲ್ಲ. ಎರಡೂ ತುದಿ ಕಾಂಕ್ರೀಟ್ ಹಾಕಿ ಮುಚ್ಚಿ, ಮಾಡಿನ ನೀರಿಗೆ ಗೋಡೆಯ ಮೇಲೇ ಹೊಸ ಪೈಪ್ ಹಾಕಿದೆವು.

"ಮನೆ ಮುಂದೆ ಹೀಗೆ ಪೈಪ್ ಕಾಣ್ಬೇಕಾ? ಒಳ್ಳೆ ಆಸ್ಪತ್ರೆ ಥರ ಇದೆ" ಎಂದರು ಟೀಚರ್.

"ಕಾಣದ ಪೈಪ್ ಏನು ಮಾಡ್ತು ನೋಡಿದ್ರಲ್ಲ ಟೀಚರ್. ಇದು ಸೋರಿದ್ರೆ ಅದೇ ದಿನ ನಿಮ್ಗೆ ಗೊತ್ತಾಗುತ್ತೆ."

ಸ್ವಲ್ಪ ಹೊತ್ತು ನೋಡಿ, "ಆಯ್ತು, ಮುಂದೆ ಕುಂಡ ಇಡ್ತೀನಿ" ಎಂದರು.

ಆಮೇಲೆ ಚೌಕಗಳನ್ನು ಬಿಡಿಸುವುದು. ಮೆಟ್ಟಿಲಿಗೆ, ಗೋಡೆಗೆ, ಪಕ್ಕದ ಚೌಕಕ್ಕೆ ಎಲ್ಲೆಲ್ಲಿ ತಾಗಿಕೊಂಡಿದೆಯೋ ಅಲ್ಲೆಲ್ಲ ಕಟ್ಟರ್ ಹೊಡೆದು, ಸಂದಿಯಲ್ಲಿ ಸಿಕ್ಕಿದ ಜಲ್ಲಿ ಚೂರು, ಕಾಫಿ ಬೀಜ, ಹುಲ್ಲಿನ ಬೇರು ಎಲ್ಲ ಕೆರೆದು ತೆಗೆದೆವು. ಒಂದು ಕಡೆ ಸಿಕ್ಕಿಕೊಂಡರೂ ಎತ್ತುವಾಗ ಅಲ್ಲೇ ಸೀಳುತ್ತದೆ. ಕಂಬಿ ಇಲ್ಲದ ಕಾಂಕ್ರೀಟ್ ಬಾಗುವುದಿಲ್ಲ, ಮುರಿಯುತ್ತದೆ. ಪ್ರತಿ ಚೌಕಕ್ಕೆ 40 ಎಂಎಂನ ಐದು ತೂತು, ನಾಲ್ಕು ಮೂಲೆಯಿಂದ ಒಂದೂವರೆ ಅಡಿ ಒಳಗೆ ಒಂದೊಂದು, ನಡುವೆ ಒಂದು.

ಗಂಜಿಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಕೆಂಪು ಮಣ್ಣು, ಮೂರು ಪಾಲು ಕ್ರಷರ್ ಪುಡಿ. ಮಣ್ಣನ್ನೂ ಪುಡಿಯನ್ನೂ ಸೊಳ್ಳೆ ಜಾಲರಿಯಲ್ಲಿ ಜರಡಿ ಹಿಡಿಯಬೇಕು, ಇಲ್ಲದಿದ್ದರೆ ಕೈಪಂಪು ಕಟ್ಟಿಕೊಳ್ಳುತ್ತದೆ. ಮಣ್ಣು ಇದ್ದರೆ ಗಂಜಿ ನುಣುಪಾಗಿ ಜಾರುತ್ತದೆ, ಜಾಸ್ತಿಯಾದರೆ ಒಣಗಿದಾಗ ಕುಗ್ಗುತ್ತದೆ. ಪೊಳ್ಳು ತುಂಬಲು ನೀರು ದೋಸೆಯ ಹಿಟ್ಟಿನ ಹದ, ಎತ್ತಲು ಇಡ್ಲಿ ಹಿಟ್ಟಿನ ಹದ. ಹದ ನೋಡಲು ಅಜ್ಜಿಯೇ ಬಂದು ಬಾಂಡ್ಲಿಗೆ ಬೆರಳಿಟ್ಟು "ಇನ್ನೊಂಚೂರು ನೀರು" ಅಂದರು. ಅವರು ಹೇಳಿದ್ದು ಸರಿಯೇ ಇತ್ತು.

ಎರಡನೇ ದಿನ ಆಲಿಕೆ ಇಟ್ಟು ತೂತುಗಳಿಂದ ತೆಳು ಗಂಜಿ ಹೊಯ್ದು ಪೊಳ್ಳು ತುಂಬಿದೆವು. ಪೂರ್ತಿ ಅಲ್ಲ. ತಂತಿ ಇಳಿಸಿ ನೋಡುತ್ತಾ ಕಾಂಕ್ರೀಟಿನ ಅಡಿಗೆ ಅರ್ಧ ಇಂಚು ಜಾಗ ಬೇಕಂತಲೇ ಬಿಟ್ಟೆವು. ಪೂರ್ತಿ ತುಂಬಿ ಅದು ಗಟ್ಟಿಯಾದರೆ ಮಾರನೇ ದಿನ ಹೊಸ ಗಂಜಿಗೆ ಹರಡಿಕೊಳ್ಳಲು ಜಾಗ ಇರುವುದಿಲ್ಲ, ಎಷ್ಟು ಒತ್ತಿದರೂ ತೂತಿನ ಅಗಲಕ್ಕಷ್ಟೇ ಒತ್ತಡ ಬೀಳುತ್ತದೆ.

ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿತು. ಹೂಮಳೆ, ಕಾಫಿ ಹೂ ಅರಳಿಸುವ ಮಳೆ. ಕಾಫಿ ಇರುವವರೆಲ್ಲ ವಾರದಿಂದ ಆಕಾಶ ನೋಡುತ್ತಿದ್ದ ಮಳೆ ನಾವು ಅಂಗಳಕ್ಕೆ ಹದಿನೈದು ತೂತು ಕೊರೆದ ಮಾರನೇ ದಿನ ಬರಬೇಕೆ? ನಾವು ಟಾರ್ಪಾಲು ಹಿಡಿದು ಮಳೆಗೆ ಬೈಯುತ್ತಾ ಓಡಾಡುತ್ತಿದ್ದೆವು. ಟೀಚರ್ ಜಗುಲಿಯಲ್ಲಿ ನಿಂತು "ಬರಲಿ, ಬರಲಿ, ಇನ್ನೂ ಅರ್ಧ ಗಂಟೆ ಬರಲಿ" ಅನ್ನುತ್ತಿದ್ದರು. ಮುಕ್ಕಾಲು ಗಂಟೆ ಬಂತು. ಮಾಡಿನ ನೀರು ಹೊಸ ಪೈಪಿನಲ್ಲಿ ಹೋಗಿದ್ದರಿಂದ ನಮ್ಮ ಗಂಜಿಗೆ ಏನೂ ಆಗಲಿಲ್ಲ. ಒಂದು ದಿನ ಸುಮ್ನೆ ಕಾದೆವು, ಅಷ್ಟೇ.

ನಾಲ್ಕನೇ ದಿನ ಎತ್ತಿದ್ದು. ಗ್ರೌಟ್, ಅಂದರೆ ಇಂಥ ಗಂಜಿ, ಹೊಡೆಯುವ ಕೈಪಂಪನ್ನು ಬಾಡಿಗೆಗೆ ತಂದಿದ್ದೆ. ಅಂಗಳದ ಉದ್ದಕ್ಕೂ ಮೂರು ದಾರ ಬಿಗಿದು, ಪ್ರತಿ ಮೂಲೆಗೂ ಒಬ್ಬೊಬ್ಬರು ಕಡ್ಡಿ ಹಿಡಿದು ಕೂತರು. ಅತಿ ಕೆಳಗೆ ಹೋದ ಮೂಲೆಯಿಂದ ಶುರು. ಹತ್ತು ಸಲ ಪಂಪ್ ಒತ್ತಿದರೂ ಏನಿಲ್ಲ. ಹಿಡಿಕೆ ಬಿಗಿಯಾಗುತ್ತಾ ಬಂತು. ಸಂದಿಯ ಒಂದು ಕಡೆ ಗಂಜಿ ಉಕ್ಕಿತು, ಒದ್ದೆ ಗೋಣಿ ತುರುಕಿದೆವು. ಮತ್ತೆ ಐದಾರು ಒತ್ತು. ಆಗ 'ಕಿರ್ರ್' ಅಂತ ಸಣ್ಣ ಸದ್ದು, ಸಂದಿಯಿಂದ ಮರಳು ಉದುರಿತು. ಕಡ್ಡಿ ಹಿಡಿದವನು "ಬಂತು!" ಅಂತ ಕೂಗಿದ. ಕೂದಲೆಳೆಯಷ್ಟು ಬಂದಿತ್ತು. ಆ ಸದ್ದು ಕೇಳಿದವರಿಗೇ ಗೊತ್ತು ಅದರ ಖುಷಿ.

ಒಂದು ತೂತಿನಲ್ಲಿ ಕಾಲು ಇಂಚಿಗಿಂತ ಜಾಸ್ತಿ ಎತ್ತಬಾರದು. ಪಂಪನ್ನು ಪಕ್ಕದ ತೂತಿಗೆ ಹಾಕಬೇಕು, ಮತ್ತೆ ಅದರ ಪಕ್ಕಕ್ಕೆ, ಮತ್ತೆ ಮೊದಲಿನದಕ್ಕೆ. ಮೂಲೆಯ ಚೌಕಕ್ಕೆ ಹೀಗೆ ಮೂರೂವರೆ ಗಂಟೆ ಹಿಡಿಯಿತು. ಮುಂದಿನದು ನಡುವಿನ ಚೌಕ. ಅಲ್ಲೇ ಎಡವಟ್ಟಾಯಿತು. ನನಗೆ ಫೋನ್ ಬಂತು, ಮಾತಾಡುತ್ತಾ ಗೇಟಿನವರೆಗೆ ಹೋದೆ. ಹುಡುಗ ಒಂದೇ ತೂತಿನಲ್ಲಿ ಒತ್ತುತ್ತಾ ಹೋದ, ಮೂಲೆ ಮುಕ್ಕಾಲು ಇಂಚು ಒಟ್ಟಿಗೆ ಎದ್ದಿತು, 'ಟಪ್' ಅಂತ ಶಬ್ದ. ತಿರುಗಿ ನೋಡಿದರೆ ತೂತಿನಿಂದ ಅಂಚಿನವರೆಗೆ ಮೂರಡಿ ಉದ್ದದ ಕೂದಲು ಬಿರುಕು. ಹುಡುಗನಿಗೆ ಬೈದೆ, ಆದರೆ ತಪ್ಪು ನನ್ನದೇ. ಪಂಪ್ ನಡೆಯುವಾಗ ಫೋನ್ ಯಾಕೆ ತೆಗೆಯಬೇಕು? ಬಿರುಕಿಗೆ ಆಮೇಲೆ ಎಪಾಕ್ಸಿ ತುಂಬಿದೆ, ಹತ್ತಿರದಿಂದ ನೋಡಿದರೆ ಈಗಲೂ ಕಾಣುತ್ತದೆ. ಆ ಚೌಕದ ಕೂಲಿಯನ್ನು ಟೀಚರ ಲೆಕ್ಕಕ್ಕೆ ಹಾಕಲಿಲ್ಲ.

ಮೂರನೇ ಚೌಕ ಮುಗಿಯುವಾಗ ದೀಪ ಹಚ್ಚುವ ಹೊತ್ತು. ಮೆಟ್ಟಿಲ ಮೂಲೆ ಎರಡೂವರೆ ಇಂಚು ಬಂದಿತ್ತು. ಉಳಿದ ಕಾಲು ಇಂಚಿಗೆ ನಮ್ಮ ಮೇಸ್ತ್ರಿ ಇನ್ನೊಂದು ಸಲ ಒತ್ತೋಣ ಅಂದರು. ನಾನು ಬೇಡ ಅಂದೆ. ಒಂದು ಬಿರುಕು ಸಾಕಿತ್ತು. ಈಗ ಮನೆಯಿಂದ ಹೊರಕ್ಕೆ ಎಂಟಡಿಗೆ ಮುಕ್ಕಾಲು ಇಂಚು ಇಳಿಜಾರು ಇದೆ. ಒಂದು ಇಂಚಿದ್ದರೆ ಚೆನ್ನಾಗಿತ್ತು, ಆದರೆ ಒಂದು ಚೊಂಬು ನೀರು ಚೆಲ್ಲಿದರೆ ನಿಧಾನವಾಗಿ ಹೊರಗೇ ಹೋಗುತ್ತದೆ. ಮೆಟ್ಟಿಲು ಆರೂ ಮುಕ್ಕಾಲು ಇಂಚಿಗೆ ಬಂತು.

ತೂತುಗಳಿಗೆ ಗಟ್ಟಿ ಗಾರೆ ತುಂಬಿದೆವು. ಸಂದಿಗಳಿಗೆ ಮೇಸ್ತ್ರಿ ಡಾಂಬರು ಅಂದರು, ಟೀಚರ್ ಒಪ್ಪಲಿಲ್ಲ. ಕಾಫಿ ಒಣಗಿಸುವ ಜಾಗಕ್ಕೆ ಡಾಂಬರು ವಾಸನೆ ಬೇಡ ಅನ್ನುವುದು ನ್ಯಾಯವೇ, ಅದಕ್ಕೆ ಪಾಲಿಯುರಿಥೇನ್ ಸೀಲೆಂಟ್ ಹಾಕಿದೆವು. ಒಂದು ದಿನ ಯಾರೂ ನಡೆಯಬಾರದು, ಒಂದು ವಾರ ಪಿಕಪ್ ಒಳಗೆ ಬರಬಾರದು ಅಂತ ಹೇಳಿ ಬಂದೆ. ಒಟ್ಟು ಒಂಬತ್ತು ಚೀಲ ಸಿಮೆಂಟ್ ಹೋಯಿತು, ಗಂಜಿ ಒಂದು ಘನ ಮೀಟರಿಗಿಂತ ಸ್ವಲ್ಪ ಜಾಸ್ತಿ. ಖರ್ಚು ಒಡೆದು ಹೊಸದಾಗಿ ಹಾಕುವುದರ ಅರ್ಧಕ್ಕಿಂತ ತುಸು ಮೇಲೆ. ಪೈಪ್, ಜಲ್ಲಿ, ಬಿಲ ಮುಚ್ಚಿದ್ದು ಎಲ್ಲ ಸೇರಿ. ಅದರಲ್ಲಿ ಎತ್ತುವ ಕೆಲಸದ ಪಾಲು ಕಡಿಮೆ, ನೀರಿಗೆ ದಾರಿ ಮಾಡಿದ್ದೇ ಜಾಸ್ತಿ.

ಹೊರಡುವ ಮುಂಚೆ ಗೋಡೆಯ ಬುಡದಲ್ಲಿ ಮೂರು ಚೌಕಕ್ಕೂ ಎದುರಾಗಿ ಒಂದೊಂದು ಕೆಂಪು ಪೇಂಟ್ ಗೆರೆ ಎಳೆದಿದ್ದೆ, ಕಾಂಕ್ರೀಟಿನ ಮಟ್ಟಕ್ಕೆ ಸರಿಯಾಗಿ. ಆ ಮಳೆಗಾಲ ಮುಗಿದು ಕೈಲ್‌ಪೊಳ್ದ್, ನಮ್ಮ ಆಯುಧ ಹಬ್ಬ, ಕಳೆದ ಮೇಲೆ ಹೋಗಿ ಅಳೆದೆ. ಮೆಟ್ಟಿಲ ಮೂಲೆ ಮೂರು ಮಿಲಿಮೀಟರ್ ಇಳಿದಿದೆ. ಉಳಿದ ಎರಡು ಇದ್ದಲ್ಲೇ ಇವೆ. ಒಳಗಿನ ಗೋಡೆಯ ಥಂಡಿ ಇನ್ನೂ ಪೂರ್ತಿ ಆರಿಲ್ಲ, ಅದಕ್ಕೆ ಇನ್ನೊಂದು ಬೇಸಿಗೆ ಬೇಕು. ಪೈಪಿನ ಮುಂದೆ ಕುಂಡ ಬಂದಿದೆ, ಆದರೆ ಪೈಪ್ ಇನ್ನೂ ಆಸ್ಪತ್ರೆ ಥರವೇ ಕಾಣುತ್ತದೆ.

ಕೆಳಗೆ ಹೋಗಿ ಕಿಂಡಿ ನೋಡಿದೆ. ಐದರಲ್ಲೂ ತಿಳಿ ನೀರು. ಮೂರನೆಯದರ ಕೆಳಗೆ ಹಳೆಯ ಕೆಂಪು ಬೀಸಣಿಗೆಯ ಮೇಲೆ ಹುಲ್ಲು ಹುಟ್ಟಿತ್ತು.

"ಗುಲಾಬಿಗೆ ಈ ವರ್ಷ ಮಣ್ಣೇ ಸಿಗ್ಲಿಲ್ಲ" ಎಂದರು ಟೀಚರ್.